ಕಿರ್ದಿಗೆ ಬಾರದ ದುಡಿಮೆ



ಅಂಗಡಿಯ ಲೆಕ್ಕವನ್ನು ಪರಿಶೀಲಿಸಲು ಕುಳಿತ ಲೆಕ್ಕಪರಿಶೋಧಕನು ಒಟ್ಟು ಮೊತ್ತವನ್ನು ಕಂಡೊಡನೆ ತೃಪ್ತನಾಗುವುದಿಲ್ಲ. ಆ ಮೊತ್ತ ಯಾವ ಖಾತೆಯಲ್ಲಿ ಜಮೆಯಾಗಿದೆ, ಯಾವ ಖಾತೆಯಿಂದ ಬಂದಿದೆ ಎಂದು ಕೇಳುತ್ತಾನೆ. ಮೊತ್ತ ಸರಿಯಿದ್ದು ಖಾತೆ ತಪ್ಪಿದ್ದರೆ ಆ ಲೆಕ್ಕವನ್ನು ನಂಬಿದವರು ಮೋಸಹೋಗುತ್ತಾರೆ. ದೇಶದ ಉದ್ಯೋಗದ ಅಂಕಿಗಳನ್ನು ಓದುವಾಗಲೂ ಇದೇ ಶಿಸ್ತು ಅವಶ್ಯಕ.

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2017ರ ಏಪ್ರಿಲ್ ತಿಂಗಳಿನಿಂದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯನ್ನು ನಡೆಸುತ್ತಿದೆ. 2017-18ರಲ್ಲಿ 15 ವರ್ಷ ಮೀರಿದ ನೂರು ಮಹಿಳೆಯರಲ್ಲಿ 22 ಮಂದಿ ದುಡಿಮೆಯಲ್ಲಿದ್ದರು. 2023-24ರಲ್ಲಿ ಈ ಸಂಖ್ಯೆ 40ಕ್ಕೆ ಏರಿತು. ಅದೇ ಅವಧಿಯಲ್ಲಿ ಪುರುಷರ ಸಂಖ್ಯೆ 71ರಿಂದ 76ಕ್ಕೆ ಬಂದಿತು. ಆಡಳಿತ ನಡೆಸುವವರು ಇದನ್ನು ಮಹಿಳಾ ಸಬಲೀಕರಣವೆಂದು ಸಾರುತ್ತಾರೆ. ವಿರೋಧಿಸುವವರು ಬಡತನವೇ ಹೆಣ್ಣುಮಕ್ಕಳನ್ನು ಹೊಲಕ್ಕೆ ತಳ್ಳಿದೆ ಎನ್ನುತ್ತಾರೆ. ಇಬ್ಬರೂ ಒಟ್ಟು ಮೊತ್ತವನ್ನೇ ಹಿಡಿದು ವಾದಿಸುತ್ತಿದ್ದಾರೆ. ಖಾತೆಯನ್ನು ತೆರೆದು ನೋಡುವವರು ವಿರಳ.

ಖಾತೆಯನ್ನು ತೆರೆದರೆ ಕಾಣುವುದಿಷ್ಟು. ದುಡಿಯುವ ಮಹಿಳೆಯರ ಪೈಕಿ ಸ್ವಯಂ ಉದ್ಯೋಗಿಗಳೆಂದು ಗುರುತಿಸಲ್ಪಟ್ಟವರ ಪಾಲು ಈ ಆರು ವರ್ಷಗಳಲ್ಲಿ ಶೇ 52ರಿಂದ ಶೇ 67ಕ್ಕೆ ಏರಿತು. ನಿಯತ ಸಂಬಳ ಪಡೆಯುವವರ ಪಾಲು ಶೇ 21ರಿಂದ ಶೇ 16ಕ್ಕೆ ಇಳಿಯಿತು. ಸ್ಥೂಲವಾಗಿ ಗುಣಿಸಿ ನೋಡಿದರೆ, ಪ್ರತಿ ನೂರು ಮಹಿಳೆಯರಲ್ಲಿ ಹೊಸದಾಗಿ ದುಡಿಮೆಗೆ ಸೇರಿದ 18 ಮಂದಿಯ ಪೈಕಿ ಸುಮಾರು 16 ಮಂದಿ ಸ್ವಯಂ ಉದ್ಯೋಗದ ಖಾತೆಗೆ ಸೇರಿದ್ದಾರೆ. ಸಂಬಳದ ಖಾತೆಗೆ ಸೇರಿದವರು ಹೆಚ್ಚೆಂದರೆ ಇಬ್ಬರು. 2023-24ರಲ್ಲಿ ದುಡಿಯುವ ನೂರು ಮಹಿಳೆಯರಲ್ಲಿ ಸುಮಾರು 37 ಮಂದಿ ಕುಟುಂಬದ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ನೆರವಾಗುವವರು. ಸಮೀಕ್ಷೆಯ ಪ್ರಕಾರ ಅವರು ಉದ್ಯೋಗಸ್ಥರು. ಅವರ ಕೈಗೆ ಮಾತ್ರ ತಮ್ಮದೆನ್ನುವ ಒಂದು ರೂಪಾಯಿಯೂ ಬರುವುದಿಲ್ಲ.

ಇದರಲ್ಲಿ ಸಮೀಕ್ಷೆಯ ವಂಚನೆಯೇನೂ ಇಲ್ಲ. ವರ್ಷದಲ್ಲಿ ಮೂವತ್ತು ದಿನ ಆರ್ಥಿಕ ಚಟುವಟಿಕೆಯಲ್ಲಿ ತೊಡಗಿದವರನ್ನೂ ದುಡಿಯುವವರೆಂದು ಎಣಿಸುವುದು ಅದರ ಘೋಷಿತ ನಿಯಮ. ಆದುದರಿಂದ ಏರಿಕೆ ನಿಜ; ಆದರೆ ಏರಿದ್ದು ದುಡಿಮೆ, ಗಳಿಕೆಯಲ್ಲ. ನಗರಗಳಲ್ಲಂತೂ ಏರಿಕೆಯೂ ಮಂದವಾಗಿದೆ. ದುಡಿಯುವವರು ಮತ್ತು ಕೆಲಸ ಹುಡುಕುವವರು ಸೇರಿ 2023-24ರಲ್ಲಿ ಹಳ್ಳಿಯ ಮಹಿಳೆಯರಲ್ಲಿ ಶೇ 47.6ರಷ್ಟಿದ್ದರೆ, ನಗರದ ಮಹಿಳೆಯರಲ್ಲಿ ಕೇವಲ ಶೇ 28ರಷ್ಟಿದ್ದರು.

ಇನ್ನು ವಯಸ್ಸಿನ ವಿಚಾರ. ದೇಶದ ಒಟ್ಟು ನಿರುದ್ಯೋಗ 2023-24ರಲ್ಲಿ ಶೇ 3.2 ಮಾತ್ರ. ಆದರೆ 15ರಿಂದ 29 ವರ್ಷದವರಲ್ಲಿ ಅದು ಶೇ 10.2, ನಗರಗಳ ಅದೇ ವಯಸ್ಸಿನ ಯುವತಿಯರಲ್ಲಿ ಶೇ 20. ದುಡಿಯುವ ಇಲ್ಲವೇ ಕೆಲಸ ಹುಡುಕುವ ಐವರು ನಗರದ ಯುವತಿಯರಲ್ಲಿ ಒಬ್ಬಳಿಗೆ ಕೆಲಸವಿಲ್ಲವೆಂದರೆ ಅದು ಅತಿಶಯೋಕ್ತಿಯಾಗದು. ವಯಸ್ಸು ಏರಿದಂತೆ ಈ ಪ್ರಮಾಣ ಇಳಿಯುತ್ತದೆ. ಎಲ್ಲರಿಗೂ ಕೆಲಸ ಸಿಕ್ಕಿತೆಂದು ಇದರ ಅರ್ಥವಲ್ಲ. ಮದುವೆಯ ಅನಂತರವೋ ಮೊದಲ ಮಗುವಿನ ಅನಂತರವೋ ಕೆಲಸ ಹುಡುಕುವುದನ್ನು ಬಿಟ್ಟವಳು ಸಮೀಕ್ಷೆಯ ದೃಷ್ಟಿಯಲ್ಲಿ ನಿರುದ್ಯೋಗಿಯೂ ಅಲ್ಲ. ಮನೆಗೆಲಸದವಳೆಂಬ ಸಾಲಿಗೆ ಸರಿದು ಲೆಕ್ಕದಿಂದಲೇ ಹೊರಗುಳಿಯುತ್ತಾಳೆ. ವಸೂಲಾಗದ ಸಾಲವನ್ನು ಖಾತೆಯಿಂದ ತೆಗೆದುಹಾಕಿ, ಬಾಕಿ ಕಡಿಮೆಯಾಯಿತೆಂದು ಹರ್ಷಿಸುವ ವ್ಯಾಪಾರಿಯ ನೆನಪು ಇಲ್ಲಿ ಬರದಿರದು.

ಹಾಗೆ ಹೊರಗುಳಿದವಳು ಸುಮ್ಮನೆ ಕುಳಿತಿರುವಳೇ? 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ವ್ಯಯಿಸುತ್ತಾರೆ. ಮನೆಗೆಲಸ ಮಾಡುವ ಪುರುಷರು 88 ನಿಮಿಷಗಳನ್ನು. ಸುಮಾರು ಐದು ಗಂಟೆ ಮನೆಗೆ ಕೊಟ್ಟವಳು ಹೊರಗಿನ ಎಂಟು ಗಂಟೆಯ ಕೆಲಸಕ್ಕೂ ಪ್ರಯಾಣಕ್ಕೂ ಸಮಯವನ್ನು ಎಲ್ಲಿಂದ ತರಬೇಕು?

ಈ ಪ್ರಶ್ನೆ ಪರರದೆಂದು ಈ ಸಭೆ ಭಾವಿಸುವಂತಿಲ್ಲ. 2001ರ ಜನಗಣತಿಯಲ್ಲಿ ಜೈನ ಮಹಿಳೆಯರ ಸಾಕ್ಷರತೆ ಶೇ 90.6. ಅಂದು ದೇಶದ ಮಹಿಳೆಯರ ಸಾಕ್ಷರತೆ ಶೇ 53.7. ಎಲ್ಲ ಧಾರ್ಮಿಕ ಸಮುದಾಯಗಳಿಗಿಂತ ಮುಂದಿದ್ದ ಅದೇ ಮಹಿಳೆಯರಲ್ಲಿ ದುಡಿಯುವವರೆಂದು ದಾಖಲಾದವರು ಶೇ 9.2 ಮಾತ್ರ. ದೇಶದ ಮಹಿಳೆಯರಲ್ಲಿ ಆ ಪ್ರಮಾಣ ಸುಮಾರು ಶೇ 26. ಜನಗಣತಿಯು ಹಸುಗೂಸಿನಿಂದ ವೃದ್ಧರವರೆಗೆ ಎಲ್ಲರನ್ನೂ ಎಣಿಸುವುದರಿಂದ ಇದನ್ನು ಮೇಲೆ ಹೇಳಿದ ಸಮೀಕ್ಷೆಯ ಅಂಕಿಗಳೊಂದಿಗೆ ಹೋಲಿಸಬಾರದು. ಆದರೂ ಓದಿನಲ್ಲಿ ಮೊದಲಿರುವ ಸಮಾಜ ಹೆಣ್ಣಿನ ದುಡಿಮೆಯ ಪಟ್ಟಿಯಲ್ಲಿ ಕೊನೆಗಿರುವುದು ಸ್ವಯಂಸ್ಪಷ್ಟ.

ಇದಕ್ಕೆ ಸಿರಿವಂತಿಕೆಯೇ ಕಾರಣವೆಂದು ಹೇಳುವವರುಂಟು. ಅದು ಅರ್ಧಸತ್ಯ. ಮುಂಬೈಯಲ್ಲೋ ಪುಣೆಯಲ್ಲೋ ಬಟ್ಟೆಯ, ಪಾತ್ರೆಯ, ಕಿರಾಣಿಯ ಅಂಗಡಿ ನಡೆಸುವ ಕುಟುಂಬವನ್ನು ನೋಡಿ. ಬೆಳಿಗ್ಗೆ ಯಜಮಾನರು ಸರಕು ತರಲು ಹೋದಾಗ ಗಲ್ಲಾದಲ್ಲಿ ಕೂರುವವಳು ಗೃಹಿಣಿ. ರಾತ್ರಿ ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸುವವಳು ಬಿ.ಕಾಂ. ಓದಿದ ಸೊಸೆ. ಗಣತಿದಾರ ಬಂದು ಕೇಳಿದಾಗ ಮನೆಯ ಹಿರಿಯರ ಉತ್ತರ ಒಂದೇ: “ಅವರು ಏನೂ ಮಾಡುವುದಿಲ್ಲ, ಮನೆಯಲ್ಲೇ ಇರುತ್ತಾರೆ.” ಆ ಮಾತಿನಲ್ಲಿ ದುರುದ್ದೇಶವಿಲ್ಲ, ಗೌರವದ ಭಾವನೆಯೇ ಇದೆ. ಆದರೆ ಆ ಒಂದು ಮಾತಿನಿಂದ ಹತ್ತಾರು ವರ್ಷಗಳ ದುಡಿಮೆ ಕಿರ್ದಿಗೆ ಬಾರದೆ ಹೋಗುತ್ತದೆ.

ಕಾನೂನಿನಲ್ಲೂ ಇಂಥ ಸಂಶಯದ ನೆರಳಿದೆ. ಆದಾಯ ತೆರಿಗೆ ಕಾನೂನಿನ ಪ್ರಕಾರ, ಪತಿಗೆ ಗಣನೀಯ ಪಾಲಿರುವ ವ್ಯವಹಾರದಿಂದ ಪತ್ನಿ ಪಡೆಯುವ ಸಂಬಳವನ್ನು ಪತಿಯ ಆದಾಯಕ್ಕೇ ಸೇರಿಸಲಾಗುತ್ತದೆ. ತೆರಿಗೆ ತಪ್ಪಿಸಲು ಹೆಸರಿಗೆ ಮಾತ್ರ ಸಂಬಳ ತೋರಿಸುವುದನ್ನು ತಡೆಯಲು ಬಂದ ನಿಯಮವಿದು. ಆದರೆ ಪತ್ನಿಗೆ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆಯಿದ್ದು, ಸಂಬಳ ಆ ಜ್ಞಾನಕ್ಕೆ ಸಂದದ್ದಾದರೆ ನಿಯಮ ಅನ್ವಯಿಸದು. ಈ ವಿನಾಯಿತಿಯನ್ನು ತಿಳಿಯದೆ, ತೆರಿಗೆ ಹೇಗೂ ಉಳಿಯದೆಂದು, ಓದಿದ ಪತ್ನಿಗೂ ಸಂಬಳ ಬರೆಯದ ಮನೆಗಳಿವೆ.

ಇದರ ಬೆಲೆ ತಿಳಿಯುವುದು ಆಪತ್ತಿನ ದಿನ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಪಾಲುದಾರನ ಮರಣದೊಂದಿಗೆ ಸಂಸ್ಥೆ ವಿಸರ್ಜನೆಯಾಗುತ್ತದೆ. ಇಪ್ಪತ್ತು ವರ್ಷ ಗಲ್ಲಾದಲ್ಲಿ ಕುಳಿತವಳು ಪಾಲುದಾರಿಕೆ ಪತ್ರದಲ್ಲಿ ಹೆಸರಿಲ್ಲದ ಕಾರಣ ಮೈದುನರ ಮುಂದೆ ವಾರಸುದಾರಳಾಗಿ ನಿಲ್ಲುತ್ತಾಳೆಯೇ ಹೊರತು ಕಟ್ಟಿ ಬೆಳೆಸಿದವಳಾಗಿ ಅಲ್ಲ. ಸಾಲ ಕೇಳಲು ಹೋದರೆ ಆದಾಯದ ದಾಖಲೆಯಿಲ್ಲ. ನಲವತ್ತೈದನೆಯ ವಯಸ್ಸಿನಲ್ಲಿ ಕೆಲಸ ಕೇಳಲು ಹೋದರೆ ಅನುಭವದ ಪತ್ರವಿಲ್ಲ.

ಸರ್ಕಾರ ಮಾಡಬೇಕಾದ ಕಾರ್ಯಗಳಿವೆ. 2017ರ ತಿದ್ದುಪಡಿಯು ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿದ್ದು, ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿದ್ದು ಸ್ತುತ್ಯ. ಆದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಗೆ ಬಾರದವರ ರಜೆಯ ವೇತನವನ್ನು ಉದ್ಯೋಗದಾತನೊಬ್ಬನೇ ಭರಿಸಬೇಕಾಗಿರುವುದರಿಂದ, ಸಣ್ಣ ಉದ್ಯಮಿ ಯುವತಿಯನ್ನು ನೇಮಿಸಲು ಹಿಂಜರಿಯುತ್ತಾನೆ. ಆ ಹೊರೆಯಲ್ಲಿ ಸರ್ಕಾರವೂ ಪಾಲು ಹೊರಬೇಕು.

ಸಮಾಜ ಮಾಡಬೇಕಾದ ಕಾರ್ಯಗಳಿಗೆ ಯಾವ ಸರ್ಕಾರದ ಅಪ್ಪಣೆಯೂ ಬೇಡ. ಅಂಗಡಿಯಲ್ಲಿ ದುಡಿಯುವ ಪತ್ನಿ, ಸೊಸೆ, ಮಗಳ ಹೆಸರು ಪಾಲುದಾರಿಕೆ ಪತ್ರದಲ್ಲಿ ಬರಲಿ. ಅರ್ಹತೆಯುಳ್ಳವಳಿಗೆ ಸಂಬಳ ಅವಳದೇ ಬ್ಯಾಂಕ್ ಖಾತೆಗೆ ಸಲ್ಲಲಿ. ಸಮುದಾಯದ ಟ್ರಸ್ಟುಗಳು ಕಲ್ಯಾಣಮಂಟಪಗಳಿಗೆ ಕೊಡುವ ಹಣದಲ್ಲಿ ಒಂದಂಶವನ್ನು ಶಿಶುಪಾಲನಾ ಕೇಂದ್ರಗಳಿಗೆ ಮೀಸಲಿಡಲಿ. ಮಕ್ಕಳನ್ನು ಬೆಳೆಸಿ ಮತ್ತೆ ಕೆಲಸಕ್ಕೆ ಬರಬಯಸುವ ಮಹಿಳೆಗೆ ಸಮಾಜದ ಉದ್ಯಮಿಗಳ ಕಚೇರಿಯ ಬಾಗಿಲು ತೆರೆದಿರಲಿ. ಮುಂದಿನ ಬಾರಿ ಗಣತಿದಾರ ಮನೆಗೆ ಬಂದಾಗ ಉತ್ತರವನ್ನು ಆಕೆಯೇ ಕೊಡಲಿ.

ವ್ಯಾಪಾರದಲ್ಲಿ ಕವಡೆ ಕಾಸಿನ ಲೆಕ್ಕವನ್ನೂ ಬಿಡದವರೆಂದು ಹೆಸರಾದ ಸಮಾಜವಿದು. ಮನೆಯೊಳಗಿನ ಅತಿ ದೊಡ್ಡ ಜಮೆಯನ್ನು ಬರೆಯದೆ ಬಿಟ್ಟಿರುವುದು ಅದಕ್ಕೆ ಶೋಭೆಯಲ್ಲ. ಈ ವರ್ಷದ ಲೆಕ್ಕಪತ್ರಗಳನ್ನು ಮುಗಿಸುವ ಮುನ್ನ ಪ್ರತಿಯೊಬ್ಬರೂ ಆ ಒಂದು ನಮೂದನ್ನು ಸರಿಪಡಿಸುವರೆಂದು ಆಶಿಸೋಣ.