ಹಿರೋಶಿಮಾ: ಬಾಂಬಿನ ಹಿಂದಿನ ಲೆಕ್ಕಾಚಾರ



1945ರ ಮೇ 10 ಮತ್ತು 11ರಂದು ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಒಂದು ಸಮಿತಿ ಸಭೆ ಸೇರಿತು. ಅಣುಬಾಂಬನ್ನು ಜಪಾನಿನ ಯಾವ ನಗರದ ಮೇಲೆ ಹಾಕಬೇಕೆಂದು ಸೂಚಿಸುವುದು ಅದರ ಕೆಲಸವಾಗಿತ್ತು. ಹಿರೋಶಿಮಾದ ಬಗ್ಗೆ ನಡಾವಳಿಯಲ್ಲಿ ದಾಖಲಾದ ಒಂದು ಅಂಶವನ್ನು ಗುಡ್ಡದ ಮಗ್ಗುಲಲ್ಲಿ ಬದುಕುವವರು ವಿಶೇಷವಾಗಿ ಗಮನಿಸಬೇಕು. ನಗರದ ಪಕ್ಕದ ಗುಡ್ಡಗಳು ಸ್ಫೋಟದ ರಭಸವನ್ನು ಒಂದೆಡೆ ಕೇಂದ್ರೀಕರಿಸಿ ಹಾನಿಯನ್ನು ಬಹಳಷ್ಟು ಹೆಚ್ಚಿಸಬಲ್ಲವು ಎಂದು ಅಲ್ಲಿ ಬರೆಯಲಾಗಿದೆ. ನದಿಗಳಿರುವುದರಿಂದ ಬೆಂಕಿ ಹಬ್ಬಿಸಲು ಮಾತ್ರ ಆ ಊರು ಅಷ್ಟು ಅನುಕೂಲವಲ್ಲ ಎಂದೂ ಸೇರಿಸಲಾಗಿದೆ. ಕ್ಯೋಟೊ ನಗರದ ವಿಷಯದಲ್ಲಿ ಸಮಿತಿ ಹೇಳಿದ್ದು ಇನ್ನೂ ವಿಚಿತ್ರ: ಅಲ್ಲಿನ ಜನ ವಿದ್ಯಾವಂತರು, ಈ ಅಸ್ತ್ರದ ಮಹತ್ವ ಅವರಿಗೆ ಹೆಚ್ಚು ಅರ್ಥವಾದೀತು! ಕ್ಯೋಟೊವನ್ನು ಯುದ್ಧ ಸಚಿವ ಹೆನ್ರಿ ಸ್ಟಿಮ್ಸನ್ ಪಟ್ಟಿಯಿಂದ ತೆಗೆಸಿದರು. ಹಿರೋಶಿಮಾ ಉಳಿಯಿತು.

ಬಾಂಬನ್ನು ಹಾಕಿದ್ದೇಕೆ ಎಂಬ ಪ್ರಶ್ನೆಗೆ ನಾವೆಲ್ಲ ಕೇಳಿ ಬಲ್ಲ ಉತ್ತರ, ಯುದ್ಧ ಬೇಗ ಮುಗಿದು ಲಕ್ಷಾಂತರ ಜೀವ ಉಳಿಯಲೆಂದು ಎಂಬುದು. ಇದು ಪೂರ್ತಿ ಸುಳ್ಳಲ್ಲ. ಒಕಿನಾವಾ ದ್ವೀಪದ ಕಾಳಗದಲ್ಲಿ 12,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತಿದ್ದರು. ನವೆಂಬರ್ 1ಕ್ಕೆ ಜಪಾನಿನ ಕ್ಯೂಶು ದ್ವೀಪದ ಮೇಲೆ ಸೈನ್ಯ ಇಳಿಸುವ ಯೋಜನೆ ಸಿದ್ಧವಿತ್ತು. ಅಧ್ಯಕ್ಷ ಟ್ರೂಮನ್ನರಿಗೆ ತಮ್ಮ ಸೈನಿಕರ ಚಿಂತೆ ಇದ್ದುದು ಸಹಜ. ಆದರೆ ಅಮೆರಿಕದ ಕಡೆಯಲ್ಲೇ ಸತ್ತವರು, ಗಾಯಗೊಂಡವರು ಹತ್ತು ಲಕ್ಷ ಮೀರುತ್ತಿದ್ದರೆಂಬ ಪ್ರಸಿದ್ಧ ಸಂಖ್ಯೆ ಜನರ ಮುಂದೆ ಬಂದದ್ದು 1947ರ ಫೆಬ್ರವರಿಯಲ್ಲಿ, ಸ್ಟಿಮ್ಸನ್ನರ ಒಂದು ಲೇಖನದ ಮೂಲಕ. 1945ರ ಜೂನ್‌ನಲ್ಲಿ ಸೇನಾ ಯೋಜಕರು ಮಾಡಿದ್ದ ಒಂದು ಅಂದಾಜಿನಲ್ಲಿ ಸಾವಿನ ಸಂಖ್ಯೆ 40,000ದಷ್ಟಿತ್ತು. ಅದೂ ಸಣ್ಣ ಸಂಖ್ಯೆಯೇನಲ್ಲ. ಆದರೂ ಬಾಂಬ್ ಬಿದ್ದ ಮೇಲೆ ಸಂಖ್ಯೆ ಬೆಳೆದುದಕ್ಕೆ ಕಾರಣವಿರಲೇಬೇಕು.

ಇನ್ನು ಬೇರೆ ದಾರಿಗಳ ವಿಚಾರ. ಜಪಾನ್ ಸೋವಿಯತ್ ಒಕ್ಕೂಟದ ಮೂಲಕ ಸಂಧಾನಕ್ಕೆ ಪ್ರಯತ್ನಿಸುತ್ತಿದ್ದ ಗುಪ್ತ ತಂತಿಗಳನ್ನು ಅಮೆರಿಕ ಓದುತ್ತಿತ್ತು. ಚಕ್ರವರ್ತಿಯ ಪೀಠ ಉಳಿಯಬಹುದು ಎಂಬ ಮಾತು ಪಾಟ್ಸ್‌ಡ್ಯಾಮ್ ಘೋಷಣೆಯ ಕರಡಿನಲ್ಲಿತ್ತು. ಜುಲೈ 26ರಂದು ಪ್ರಕಟವಾದ ಘೋಷಣೆಯಲ್ಲಿ ಇರಲಿಲ್ಲ. ಅಣುಬಾಂಬಿನ ಹೆಸರೂ ಅದರಲ್ಲಿಲ್ಲ. ಬಾಂಬ್ ಹಾಕುವ ಲಿಖಿತ ಆದೇಶವಾದರೋ ಹಿಂದಿನ ದಿನ, ಜುಲೈ 25ಕ್ಕೇ ಹೊರಟಿತ್ತು.

ರಷ್ಯಾದ ಭಯವೂ ಇಲ್ಲಿ ಸೇರಿಕೊಂಡಿದೆ. ಜರ್ಮನಿ ಸೋತ ಮೂರು ತಿಂಗಳೊಳಗೆ ಜಪಾನಿನ ವಿರುದ್ಧ ಯುದ್ಧಕ್ಕಿಳಿಯುವುದಾಗಿ ಸ್ಟಾಲಿನ್ ಮಾತು ಕೊಟ್ಟಿದ್ದರು. ಅಂದರೆ ಆಗಸ್ಟ್ ಆರಂಭ. ಮುಂದೆ ವಿದೇಶಾಂಗ ಸಚಿವರಾದ ಜೇಮ್ಸ್ ಬರ್ನ್ಸ್, ಬಾಂಬ್ ಕೈಯಲ್ಲಿದ್ದರೆ ರಷ್ಯಾವನ್ನು ಹದ್ದುಬಸ್ತಿನಲ್ಲಿಡುವುದು ಸುಲಭ ಎಂಬ ಅಭಿಪ್ರಾಯ ಹೊಂದಿದ್ದರೆಂದು ಅವರನ್ನು ಮೇ ತಿಂಗಳಲ್ಲಿ ಭೇಟಿಯಾದ ವಿಜ್ಞಾನಿ ಲಿಯೊ ಸಿಲಾರ್ಡ್ ನೆನಪಿಸಿಕೊಂಡಿದ್ದಾರೆ. ಇದೊಂದೇ ನಿಜವಾದ ಕಾರಣವೆಂದು ವಾದಿಸುವ ಇತಿಹಾಸಕಾರರಿದ್ದಾರೆ. ಆ ವಾದ ತುಸು ಅತಿಯೆಂದೇ ಹೇಳಬೇಕು.

ಯಂತ್ರದ ಓಟ ಇವೆಲ್ಲಕ್ಕಿಂತ ಬಲವಾಗಿತ್ತೆಂದು ತೋರುತ್ತದೆ. 200 ಕೋಟಿ ಡಾಲರ್ ಖರ್ಚಾಗಿತ್ತು. ಲಕ್ಷಕ್ಕೂ ಮೀರಿದ ಜನ ದುಡಿದಿದ್ದರು. ಹಿಟ್ಲರನಿಗಿಂತ ಮುಂಚೆ ಬಾಂಬ್ ಮಾಡಬೇಕೆಂದು ಆರಂಭವಾದ ಕೆಲಸ, ಜರ್ಮನಿ ಶರಣಾದ ಮೇಲೂ ನಿಲ್ಲಲಿಲ್ಲ. ಜರ್ಮನಿಯ ಬಳಿ ಬಾಂಬಿಲ್ಲವೆಂದು ತಿಳಿದು ಜೋಸೆಫ್ ರಾಟ್‌ಬ್ಲಾಟ್ ಎಂಬ ವಿಜ್ಞಾನಿ 1944ರ ಕೊನೆಯಲ್ಲಿ ಕೆಲಸ ಬಿಟ್ಟರು. ಸಿಲಾರ್ಡ್ ಮತ್ತು ಸಂಗಡಿಗರು ಸುಮಾರು 70 ಜನ ಸಹಿ ಮಾಡಿದ ಮನವಿ ಅಧ್ಯಕ್ಷರ ಕಣ್ಣಿಗೆ ಬೀಳಲೇ ಇಲ್ಲ. ಮಾರ್ಚ್‌ನಲ್ಲಿ ಟೋಕಿಯೊ ಮೇಲೆ ಬೆಂಕಿಬಾಂಬ್ ಸುರಿದು ಒಂದೇ ರಾತ್ರಿ ಸುಮಾರು ಒಂದು ಲಕ್ಷ ಜನರನ್ನು ಕೊಂದಾಗಲೇ ನಾಗರಿಕರನ್ನು ಕೊಲ್ಲಬಾರದೆಂಬ ಎಲ್ಲೆ ಅಳಿಸಿಹೋಗಿತ್ತು. ಹಾಕಬೇಕೇ ಎಂದು ಕೇಳುವವರು ವಿರಳ. ಎಲ್ಲಿ, ಹೇಗೆ, ಯಾವಾಗ ಎಂದು ಕೇಳುವವರೇ ಎಲ್ಲ.

ಆಗಸ್ಟ್ 6ರಂದು ಹಿರೋಶಿಮಾ ಸುಟ್ಟಿತು. ವರ್ಷ ಮುಗಿಯುವುದರೊಳಗೆ ಅಲ್ಲಿ ಸತ್ತವರು ಸುಮಾರು 1,40,000. ಆಗಸ್ಟ್ 8ರಂದು ಸೋವಿಯತ್ ಒಕ್ಕೂಟ ಯುದ್ಧ ಸಾರಿತು. ಜಪಾನ್ ಯೋಚಿಸಲು ಬಿಡುವು ಸಿಗುವ ಮೊದಲೇ, 9ರಂದು ನಾಗಸಾಕಿ. ಇದಕ್ಕೆ ಅಧ್ಯಕ್ಷರ ಪ್ರತ್ಯೇಕ ಅಪ್ಪಣೆಯೇ ಇರಲಿಲ್ಲ. ಬಾಂಬುಗಳು ಸಿದ್ಧವಾದಂತೆ ಹಾಕುತ್ತ ಹೋಗಿ ಎಂದು ಜುಲೈ 25ರ ಆದೇಶವೇ ಹೇಳಿತ್ತು. ವಿಮಾನ ಮೊದಲು ಹೊರಟದ್ದು ಕೊಕುರಾ ನಗರಕ್ಕೆ. ಅಲ್ಲಿ ಗುರಿ ಕಾಣದೆ ನಾಗಸಾಕಿಯತ್ತ ತಿರುಗಿತು.

ಮರುದಿನ, ಆಗಸ್ಟ್ 10ರಂದು, ತಮ್ಮ ಅಪ್ಪಣೆಯಿಲ್ಲದೆ ಇನ್ನೊಂದು ಬಾಂಬ್ ಹಾಕಕೂಡದೆಂದು ಟ್ರೂಮನ್ ತಡೆದರು. ಮತ್ತೆ ಒಂದು ಲಕ್ಷ ಜನರನ್ನು ಅಳಿಸಿಹಾಕುವ ಯೋಚನೆಯೇ ಘೋರ, ಆ ಮಕ್ಕಳನ್ನೆಲ್ಲ ಕೊಲ್ಲುವುದು ತಮಗೆ ಹಿಡಿಸದು ಎಂಬರ್ಥದ ಮಾತನ್ನು ಅವರು ಸಂಪುಟದಲ್ಲಿ ಆಡಿದರೆಂದು ವಾಣಿಜ್ಯ ಸಚಿವ ಹೆನ್ರಿ ವ್ಯಾಲೇಸ್ ಅಂದು ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಮೂರನೆಯ ಬಾಂಬ್ ಅದೇ ತಿಂಗಳ ಮೂರನೆಯ ವಾರಕ್ಕೆ ಸಿದ್ಧವಾಗಬೇಕಿತ್ತು.