ಮುಪ್ಪಿನಲ್ಲಿ ಮೂಲವ್ಯಾಧಿ



ನಾಲ್ಕು ಜನರ ನಡುವೆ ಆಡಲು ಸಂಕೋಚವಾಗುವ ವಿಷಯವೊಂದನ್ನು ಇಂದು ಎತ್ತಿಕೊಂಡಿದ್ದೇನೆ. ನಾನು ವೈದ್ಯನಲ್ಲ, ಪಾಠ ಹೇಳುವವನು. ಆದರೆ ಸುಶ್ರುತಾಚಾರ್ಯನು ಅರ್ಶಸ್ಸನ್ನು ಎಂಟು ಮಹಾರೋಗಗಳಲ್ಲಿ ಎಣಿಸಿ, ಔಷಧ, ಕ್ಷಾರ, ಅಗ್ನಿ, ಶಸ್ತ್ರಗಳೆಂಬ ನಾಲ್ಕು ಉಪಾಯಗಳನ್ನು ನಿಸ್ಸಂಕೋಚವಾಗಿ ಹೇಳಿದ್ದಾನೆ. ನಾಚಿಕೆ ನಮ್ಮದು.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ಹಿರಿಯರನ್ನು ಕೇಳಿದರೆ, ‘ಉಷ್ಣ ಆಯ್ತ್’ ಎಂದು ಒಂದೇ ಮಾತಿನಲ್ಲಿ ಕಾರಣವನ್ನು ಮುಗಿಸುತ್ತಾರೆ. ಸಂಗತಿ ಅಷ್ಟು ಸರಳವಲ್ಲ. ಗುದದ್ವಾರದ ಒಳಗೆ ರಕ್ತನಾಳಗಳಿಂದ ತುಂಬಿದ ಮೆತ್ತೆಗಳು ಎಲ್ಲರಿಗೂ ಉಂಟು. ಅವನ್ನು ಹಿಡಿದಿರುವ ಅಂಗಾಂಶವು ವಯಸ್ಸಿನೊಡನೆ ಸಡಿಲವಾಗುತ್ತದೆ. ಮಲಬದ್ಧತೆಯೂ ತಿಣುಕುವ ಅಭ್ಯಾಸವೂ ಸೇರಿದರೆ ಮೆತ್ತೆಗಳು ಊದಿ ಕೆಳಗಿಳಿಯುತ್ತವೆ.

ಮಲಬದ್ಧತೆಗಾದರೋ ನಮ್ಮ ಮನೆಗಳಲ್ಲಿ ಕಾರಣಗಳಿಗೆ ಬರವಿಲ್ಲ. ಹಲ್ಲು ಬಿದ್ದ ಮೇಲೆ ಅಜ್ಜಿಯ ಊಟವೆಂದರೆ ಗಂಜಿ, ಉಪ್ಪಿನಕಾಯಿ, ತುಸು ಮೀನುಸಾರು. ಹಿತ್ತಲಲ್ಲಿ ಬಸಳೆ ಹಬ್ಬಿದ್ದರೂ ತಟ್ಟೆಗೆ ಬರುವುದಿಲ್ಲ. ರಾತ್ರಿ ಏಳಬೇಕಾದೀತೆಂದು ನೀರನ್ನೂ ಕಡಿಮೆ ಮಾಡುತ್ತಾರೆ. ಕಬ್ಬಿಣದ ಮಾತ್ರೆ, ಅಫೀಮಿನ ವರ್ಗದ ನೋವಿನ ಮಾತ್ರೆಗಳೂ ಮಲವನ್ನು ಕಟ್ಟುತ್ತವೆ. ಶೌಚದಲ್ಲಿ ಪತ್ರಿಕೆಯನ್ನೋ ಮೊಬೈಲನ್ನೋ ಹಿಡಿದು ಅರ್ಧ ಗಂಟೆ ಕೂರುವುದೂ ಕೆಟ್ಟದ್ದೇ. ಮಂಡಿನೋವಿನಿಂದ ಎತ್ತರದ ಪೀಠಕ್ಕೆ ಬದಲಾದವರು ಪಾದಗಳ ಕೆಳಗೆ ಚಿಕ್ಕ ಮಣೆಯನ್ನಿಟ್ಟುಕೊಂಡರೆ ಅಷ್ಟು ತಿಣುಕಬೇಕಾಗಲಾರದು.

ಸುವರ್ಣಗಡ್ಡೆಗೆ ಸಂಸ್ಕೃತದಲ್ಲಿ ಅರ್ಶೋಘ್ನವೆಂಬ ಹೆಸರಿದೆ. ಪಲ್ಯ ಮಾಡಿ ತಿನ್ನಿ, ನಾರಿನ ಅಂಶ ದೊರೆಯುತ್ತದೆ. ಹೆಸರನ್ನೇ ನಂಬಿ ವೈದ್ಯರನ್ನು ಮಾತ್ರ ಬಿಡಬೇಡಿ. ಒಳಮೂಲವಾದರೆ ಬುಡಕ್ಕೆ ರಬ್ಬರಿನ ಉಂಗುರ ಹಾಕಿ ಬಾಡಿಸುವ ಕ್ರಮವುಂಟು. ಅನೇಕರು ಅದೇ ದಿನ ಮನೆಗೆ ಮರಳುತ್ತಾರೆ.

ನನಗೆ ಮುಖ್ಯವಾದ ಮಾತು ಬೇರೆ. ಮುಪ್ಪಿನಲ್ಲಿ ರಕ್ತ ಬಿದ್ದರೆ ಅದು ಮೂಲವ್ಯಾಧಿಯೇ ಎಂದು ಮನೆಯಲ್ಲೇ ತೀರ್ಮಾನಿಸಬಾರದು. ದೊಡ್ಡ ಕರುಳಿನ ಕ್ಯಾನ್ಸರಿನ ಮೊದಲ ಗುರುತೂ ಅದೇ ಆಗಬಹುದು. ಮಲದ ಕ್ರಮ ಬದಲಾದರೆ, ಮೈ ಇಳಿದರೆ, ರಕ್ತಹೀನತೆ ಕಂಡರೆ ಸಂದೇಹ ಇನ್ನೂ ಬಲವಾಗುತ್ತದೆ. ಬೆರಳಿನ ಪರೀಕ್ಷೆಗೆ ಕೆಲವೇ ನಿಮಿಷ ಸಾಕು; ಅಗತ್ಯವಾದರೆ ನಳಿಕೆಯನ್ನಿಳಿಸಿ ಕರುಳನ್ನು ನೋಡುತ್ತಾರೆ.

ನನ್ನ ಸೋದರಮಾವ ಮುಂಬಯಿಯ ಹೋಟೆಲೊಂದರ ಗಲ್ಲದ ಮೇಲೆ ಆಯುಷ್ಯ ಕಳೆದು, ಬೈಂದೂರಿನ ಕಡೆಯ ಮನೆಗೆ ಮರಳಿದ್ದರು. ಎರಡು ವರ್ಷ ರಕ್ತವನ್ನು ಕಂಡೂ ಎಳನೀರು, ಮಜ್ಜಿಗೆಗಳಲ್ಲಿ ಕಾಲ ನೂಕಿದರು. ಕೊನೆಗೆ ಪರೀಕ್ಷೆಯಾದಾಗ ಗಡ್ಡೆ ಯಕೃತ್ತಿಗೂ ಹಬ್ಬಿತ್ತು. ಇಷ್ಟು ದಿನ ಏಕೆ ಹೇಳಲಿಲ್ಲವೆಂದು ನಾನು ಕೇಳಿದೆ. ‘ಮನೆಯಲ್ಲಿ ಇರುವುದು ಸೊಸೆ ಒಬ್ಬಳೇ. ಅವಳ ಹತ್ತಿರ ಹೇಗೆ ಹೇಳುವುದು ಮಾರಾಯ?’ ಎಂದರು.