ಅಂಗಳಕ್ಕೆ ಹೊಡೆಯುವ ‘ಔಷಧಿ’

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬೆಳಗಿನ ಬಸ್ಸು ಹಿಡಿದು ಹಾಸನಕ್ಕೆ ಬಂದಿರುವ ಅಂಗನವಾಡಿ ಕಾರ್ಯಕರ್ತೆಯರೇ, ಶಾಲೆಗಳ ಮುಖ್ಯೋಪಾಧ್ಯಾಯರೇ, ಕೃಷಿ ವಿದ್ಯಾರ್ಥಿಗಳೇ,

ನಮ್ಮ ಕಡೆ ಯಾರೂ ವಿಷ ಹೊಡೆಯುವುದಿಲ್ಲ, ಗಮನಿಸಿದ್ದೀರಾ? ಎಲ್ಲರೂ ಹೊಡೆಯುವುದು ‘ಔಷಧಿ’. ಆಲೂಗಡ್ಡೆಗೆ ಅಂಗಮಾರಿ ಬಂದರೆ ಔಷಧಿ, ಶುಂಠಿ ಹೊಲದಲ್ಲಿ ಹುಲ್ಲೆದ್ದರೆ ಔಷಧಿ, ಗೆದ್ದಲಿಗೆ ಔಷಧಿ, ಕೆಮ್ಮುವ ಮಗುವಿಗೂ ಔಷಧಿ. ಅಂಗಡಿಯವರು ಅದೇ ಹೆಸರಲ್ಲಿ ಕೊಡುತ್ತಾರೆ, ತಂದವರು ಅದೇ ಹೆಸರಲ್ಲಿ ಗೋಡೆಯ ಗೂಡಿನಲ್ಲಿಡುತ್ತಾರೆ. ಉಳಿದದ್ದನ್ನು ತಂಪುಪಾನೀಯದ ಖಾಲಿ ಬಾಟಲಿಗೆ ಸುರಿದಿಡುವ ಮನೆಗಳೂ ಇವೆ. ಇವತ್ತಿನ ವಿಷಯ ಪುಟ್ಟ ಮಕ್ಕಳು ಆಡುವ ಹುಲ್ಲಿನ ಅಂಗಳ. ಅಲ್ಲಿಗೂ ಈ ಔಷಧಿ ಬಂದಿದೆ.

ಕೆಲವು ವರ್ಷಗಳ ಹಿಂದೆ, ಜೂನ್ ಮೊದಲ ವಾರ, ಹಾಸನವೂ ಸೇರಿ ಈ ನಾಲ್ಕು ತಾಲ್ಲೂಕುಗಳಲ್ಲೇ ಒಂದು ಅಂಗನವಾಡಿಗೆ ಹೋಗಿದ್ದೆ. ಊರು ಹೇಳುವುದಿಲ್ಲ. ಸುತ್ತಲೂ ಮಳೆ ಬಿದ್ದು ಹಸಿರೋ ಹಸಿರು, ಅಂಗಳ ಮಾತ್ರ ಸುಟ್ಟ ಕಂದು. ಶುಂಠಿ ಹೊಲದಿಂದ ಪಂಪು ತಂದು ಎರಡು ದಿನದ ಹಿಂದೆ ಕಳೆನಾಶಕ ಹೊಡೆದಿದ್ದರಂತೆ. ಮೂಲೆಯಲ್ಲೊಂದು ಹುಡುಗಿ ಅಡುಗೆ ಆಟ ಆಡುತ್ತಿದ್ದಳು. ಕಾಯಿಚಿಪ್ಪಿಗೆ ಆ ಒಣಗಿದ ಹುಲ್ಲು ಮುರಿದು ಹಾಕಿ, ಮಣ್ಣು ನೀರು ಕಲಸಿ, ಕಡ್ಡಿಯಲ್ಲಿ ತಿರುವಿ, ಉಪ್ಪು ನೋಡಲು ಬೆರಳು ಬಾಯಿಗಿಟ್ಟಳು. ಆಮೇಲೆ ನನಗೂ ಒಂದು ಚಿಪ್ಪು ಕೊಟ್ಟಳು.

ಮಗುವಿಗೆ ಏನೂ ಆಗಲಿಲ್ಲ, ಗಾಬರಿಯಾಗಬೇಡಿ. ಕಾರ್ಯಕರ್ತೆಯನ್ನೂ ದೂರುತ್ತಿಲ್ಲ. ಆಕೆ ಹುಲ್ಲು ಕೀಳಿಸಲು ಎರಡಾಳು ಕೂಲಿ ಕೇಳಿದ್ದರು, ಸಿಗಲಿಲ್ಲ. ಪಂಪಿನವರು ಪುಕ್ಕಟೆಯಾಗಿ ಹೊಡೆದುಕೊಟ್ಟರು. ಅವರ ಲೆಕ್ಕದಲ್ಲಿ ಅದು ಉಪಕಾರ.

ಅಂಗಳಕ್ಕೆ ಹೊಡೆದದ್ದು ದೊಡ್ಡವರ ಚಪ್ಪಲಿಗೆ ತಾಗುತ್ತದೆ, ಅಂಬೆಗಾಲಿನ ಮಗುವಿನ ಅಂಗೈ, ಮೊಣಕಾಲು, ಬಾಯಿಗೆ. ತೂಕಕ್ಕೆ ಹೋಲಿಸಿದರೆ ಮಗು ನಮಗಿಂತ ಹೆಚ್ಚು ಉಸಿರಾಡುತ್ತದೆ, ಹೆಚ್ಚು ಕುಡಿಯುತ್ತದೆ. ಕಳೆನಾಶಕಗಳಲ್ಲಿ ಹೆಸರುವಾಸಿಯಾದ ಗ್ಲೈಫೋಸೇಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕ್ಯಾನ್ಸರ್ ತರುವ ಸಂಭವವಿದೆ ಎಂಬ ಪಟ್ಟಿಗೆ ಸೇರಿಸಿತು. ಅಮೆರಿಕ, ಯುರೋಪಿನ ನಿಯಂತ್ರಕರು ಅದನ್ನು ಒಪ್ಪಿಲ್ಲ. ನಮ್ಮ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ, ಕೀಟ ನಿಯಂತ್ರಣದ ಪರವಾನಗಿ ಇದ್ದವರಷ್ಟೇ ಇದನ್ನು ಬಳಸಬೇಕೆಂದು ಅಧಿಸೂಚನೆ ಹೊರಡಿಸಿತು. ವಿಜ್ಞಾನಿಗಳ ಜಗಳ ಮುಗಿಯುವ ತನಕ ಕಾಯುವ ಅಗತ್ಯ ಅಂಗಳಕ್ಕಿಲ್ಲ. ಆಲೂಗಡ್ಡೆ ಬೆಳೆಗಾರನಿಗೆ ಸಾಲದ ಕಂತಿದೆ, ಒಂದು ವಾರ ಮೋಡ ಕವಿದರೆ ಬೆಳೆ ಕೈಬಿಡುತ್ತದೆ. ಅವನ ಸಂಕಟ ಬೇರೆ. ಅಂಗಳದಲ್ಲಿ ಕೈಬಿಡುವ ಫಸಲು ಯಾವುದು?

ಕೆನಡಾದ ಹಡ್ಸನ್ ಎಂಬ ಪುಟ್ಟ ಊರು ಇದೇ ತರ್ಕ ಹಿಡಿಯಿತು. ಜೂನ್ ಇರ್ವಿನ್ ಎಂಬ ಚರ್ಮರೋಗ ವೈದ್ಯೆ ವರ್ಷಗಟ್ಟಲೆ ಊರಿನ ಸಭೆಯಲ್ಲಿ ಪೀಡಿಸಿದ ಮೇಲೆ, 1991ರಲ್ಲಿ ಆ ಊರು ಬರೀ ಅಂದಕ್ಕಾಗಿ ಹುಲ್ಲಿಗೆ ಕೀಟನಾಶಕ ಹೊಡೆಯುವುದನ್ನು ನಿಷೇಧಿಸಿತು. ಕಂಪನಿಗಳು ಕೋರ್ಟಿಗೆ ಹೋದವು. 2001ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಊರಿನ ಪರ ನಿಂತಿತು. ನಮಗೆ ಅಷ್ಟು ದೂರದ ಪಾಠವೂ ಬೇಕಿಲ್ಲ. ಕಾಸರಗೋಡಿನ ಎಣ್ಮಕಜೆ, ಪಡ್ರೆಯ ಕಡೆ ಕನ್ನಡ, ತುಳು ಮಾತಾಡುವ ಮನೆಗಳ ಮೇಲೆ, ಗೇರುತೋಟದ ನೆಪದಲ್ಲಿ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ನಮ್ಮ ಸುಪ್ರೀಂ ಕೋರ್ಟು ಆ ವಿಷವನ್ನೇ ತಡೆದದ್ದು 2011ರ ಮೇ ತಿಂಗಳಲ್ಲಿ. ಅಂಗಳದ ಪಂಪಿಗೂ ಆ ಹೆಲಿಕಾಪ್ಟರಿಗೂ ಪ್ರಮಾಣದಲ್ಲಿ ಹೋಲಿಕೆಯಿಲ್ಲ, ಒಪ್ಪುತ್ತೇನೆ. ಆದರೆ ಅಲ್ಲೂ ಅದನ್ನು ಕರೆಯುತ್ತಿದ್ದದ್ದು ಮದ್ದು ಎಂದೇ.

ಸಾವಯವ ಕೃಷಿಯವರು ಇಷ್ಟು ಹೊತ್ತು ತಲೆದೂಗಿದಿರಿ, ಈಗ ನಿಮ್ಮ ಸರದಿ. ಅರಕಲಗೂಡಿನ ಗೆಳೆಯರೇ, ಹೊಗೆಸೊಪ್ಪಿನ ಕಷಾಯವನ್ನು ಸಾವಯವ ಕೀಟನಾಶಕ ಎಂದು ಹೊಗಳುತ್ತೀರಿ. ಹಸಿ ಸೊಪ್ಪು ಕೊಯ್ದ ದಿನ ವಾಂತಿ, ತಲೆಸುತ್ತು ಬರುವುದು ರಾಮನಾಥಪುರದ ಸುತ್ತ ಕೂಲಿಗೆ ಹೋದವರಿಗೆ ಗೊತ್ತಿರುತ್ತದೆ. ಅದರ ನಿಕೋಟಿನ್ ಚರ್ಮದ ಮೂಲಕವೇ ಮೈಯೊಳಗೆ ಇಳಿಯುತ್ತದೆ. ಹರಳು ಹಿಂಡಿ ಒಳ್ಳೆಯ ಗೊಬ್ಬರವೇ, ಆದರೆ ಅದರಲ್ಲಿ ರೈಸಿನ್ ಎಂಬ ಘೋರ ವಿಷ ಉಳಿದಿರಬಹುದು. ಬೇವಿನ ಎಣ್ಣೆ ಕುಡಿಸಿ ಹಸುಗೂಸುಗಳು ಆಸ್ಪತ್ರೆ ಸೇರಿದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಹಸಿ ಸಗಣಿ, ಜೀವಾಮೃತ ಹೊಲಕ್ಕೆ ಸರಿ, ಮಗು ಉರುಳಾಡುವ ಹುಲ್ಲಿಗಲ್ಲ. ಇನ್ನು ಬೇಲಿ ನೋಡಿ: ಕೆಂಪು ಕಣಗಿಲೆ, ಕಾಡುಹರಳು. ಎರಡೂ ವಿಷ, ಎರಡೂ ನೂರಕ್ಕೆ ನೂರು ನೈಸರ್ಗಿಕ! ಕಾಡುಹರಳಿನ ಬೀಜ ಕಡಲೆಬೀಜದಂತೆ ರುಚಿಯಿರುತ್ತದೆ, ಅದೇ ಅಪಾಯ.

ಕೀಟನಾಶಕದ ಡಬ್ಬಿಯ ಮೇಲಿನ ಬಣ್ಣದ ಗುರುತಿನಲ್ಲೂ ಇದೇ ಮೋಸ. ಕೆಂಪು, ಹಳದಿ, ನೀಲಿ, ಹಸಿರು ಎಂದು ವಿಷದ ನಾಲ್ಕು ದರ್ಜೆಗಳಿವೆ. ಹಸಿರು ಕಂಡರೆ ‘ಇದು ಸಾವಯವ’ ಎಂದುಕೊಳ್ಳುವವರು ಬಹಳ ಮಂದಿ. ಹಸಿರೆಂದರೆ ಉಳಿದ ಮೂರಕ್ಕಿಂತ ಕಡಿಮೆ ವಿಷ, ಅಷ್ಟೇ.

ಹಾಗಾದರೆ ಮಾಡುವುದೇನು? ಮೊದಲು ಹುಲ್ಲಿನ ಜೊತೆ ರಾಜಿ. ಗಣೇಶನ ಹಬ್ಬದ ಹಿಂದಿನ ದಿನ ಗರಿಕೆಗಾಗಿ ಊರೆಲ್ಲ ಅಲೆಯುತ್ತೇವೆ, ಉಳಿದ ದಿನ ಅದನ್ನು ಕಳೆ ಎನ್ನುತ್ತೇವೆ. ರಾಗಿ ಹೊಲದಲ್ಲಿ ಅದು ಶನಿ ಹೌದು. ಅಂಗಳದಲ್ಲಿ ಅದಕ್ಕಿಂತ ಒಳ್ಳೆಯ ಹುಲ್ಲಿಲ್ಲ: ತುಳಿದರೂ ಸಾಯದು, ಬೇಸಿಗೆಯಲ್ಲಿ ಸತ್ತಂತೆ ಮಲಗಿ ಮೊದಲ ಮಳೆಗೆ ಏಳುತ್ತದೆ. ಎರಡು ಬೆರಳು ಎತ್ತರ ಬಿಟ್ಟು ಕತ್ತರಿಸಿ, ಕತ್ತರಿಸಿದ್ದನ್ನು ಅಲ್ಲೇ ಬಿಡಿ, ಅದೇ ಗೊಬ್ಬರ. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಮಕ್ಕಳ ರಜೆಯಲ್ಲಿ, ಚೆನ್ನಾಗಿ ಮಾಗಿದ ಎರೆಗೊಬ್ಬರವನ್ನು ಜರಡಿ ಹಿಡಿದು ತೆಳ್ಳಗೆ ಚೆಲ್ಲಿ. ಚನ್ನರಾಯಪಟ್ಟಣದ ಕಡೆ ತೆಂಗಿನ ದಟ್ಟ ನೆರಳಿನಲ್ಲಿ ಗರಿಕೆ ಬರುವುದಿಲ್ಲ, ಒದ್ದಾಡಬೇಡಿ, ಅಲ್ಲಿ ಮರಳು ಹಾಕಿ. ಕಾಂಗ್ರೆಸ್ ಗಿಡದ ಜೊತೆ ಮಾತ್ರ ರಾಜಿ ಬೇಡ. ಅದರ ಪರಾಗ ಅಲರ್ಜಿ ತರುತ್ತದೆ, ಮುಟ್ಟಿದರೆ ಚರ್ಮ ಕೆರೆಯುತ್ತದೆ. ಹೂ ಬಿಡುವ ಮೊದಲೇ, ಮಳೆ ಬಂದ ಮರುದಿನ, ದೊಡ್ಡವರು ಕೈಗವಸು ಹಾಕಿ ಬೇರುಸಹಿತ ಕಿತ್ತರೆ ಸಲೀಸಾಗಿ ಬರುತ್ತದೆ.

‘ಅಲ್ಲಾ ಸಾರ್, ಹುಲ್ಲು ಬಿಟ್ರೆ ಹುಳ ಬರಲ್ವಾ?’ ಎಂದು ಪ್ರತಿ ಊರಲ್ಲೂ ಕೇಳುತ್ತಾರೆ. ಹಾವಿನ ಹೆಸರೆತ್ತದೆ ಹುಳ ಎನ್ನುವ ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಔಷಧಿ ಹೊಡೆಸುವುದಕ್ಕೆ ದೊಡ್ಡ ಕಾರಣ ಇದೇ. ಆದರೆ ಕಳೆನಾಶಕಕ್ಕೆ ಹಾವು ಹೆದರುವುದಿಲ್ಲ. ಸತ್ತ ಹುಲ್ಲು ಬಹಳ ದಿನ ಹಾಗೇ ನಿಂತಿರುತ್ತದೆ, ಅದರ ಅಡಿಯೂ ಮರೆಯೇ. ಹಾವು ಬರುವುದು ಇಲಿ, ಕಪ್ಪೆಯ ಹಿಂದೆ. ಇಲಿ ಬರುವುದು ಚೆಲ್ಲಿದ ಅನ್ನಕ್ಕೆ. ಅಡುಗೆಕೋಣೆಯ ಹಿಂದಿನ ಮುಸುರೆ ಗುಂಡಿ, ಒಡೆದ ಹೆಂಚಿನ ರಾಶಿ, ಸೌದೆ ಒಟ್ಟಿಲು, ಇವನ್ನು ತೆಗೆಸಿ, ಹುಲ್ಲನ್ನು ಗಿಡ್ಡವಾಗಿಡಿ.

ಮಧ್ಯಾಹ್ನದ ಗೋಷ್ಠಿಗೆ ನನ್ನದೊಂದು ಕೋರಿಕೆ. ಎರೆಗೊಬ್ಬರದ ಗುಣಗಾನ ಸ್ವಲ್ಪ ಕಡಿಮೆ ಮಾಡಿ, ಕೂಲಿಯ ವಿಷಯ ಎತ್ತಿಕೊಳ್ಳಿ. ಒಂದು ಅಂಗನವಾಡಿಯ ಅಂಗಳಕ್ಕೆ ಮುಂಗಾರಿನಲ್ಲಿ ಒಂದು ದಿನ, ಗಣೇಶನ ಹಬ್ಬದ ಹೊತ್ತಿಗೆ ಒಂದು ದಿನ, ಎರಡೆರಡು ಆಳು, ಒಟ್ಟು ನಾಲ್ಕಾಳು. ಅದನ್ನು ಯಾರು, ಯಾವ ಬಾಬತ್ತಿನಿಂದ ಕೊಡಬೇಕು? ನಾಲ್ಕೂ ತಾಲ್ಲೂಕಿನವರು ಇಲ್ಲೇ ಇದ್ದೀರಿ. ಸಂಜೆ ಬಸ್ಸು ಹತ್ತುವ ಮೊದಲು ಅದೊಂದು ಇತ್ಯರ್ಥವಾಗಲಿ.